ಕೊಡ ಬಿಡದ ಬುಟ್ಟಿ

ಕಾಗದದ ಬುಟ್ಟಿ ಮಾಡುವುದು ಮಹಾ ವಿದ್ಯೆಯೇನಲ್ಲ, ಗಂಡಸು ಮನಸ್ಸು ಮಾಡಿದರೆ ಅದು ಒಂದೇ ದಿನದ ಕೆಲಸ ಎಂದು ನಾನು ಘೋಷಿಸಿದ್ದು ಶ್ರಾವಣದ ಮೊದಲ ವಾರದಲ್ಲಿ. ಘೋಷಣೆಗೆ ಸಾಕ್ಷಿ ಒಬ್ಬಳೇ: ನನ್ನ ಹೆಂಡತಿ ಸೂಗಮ್ಮ. ಅವಳು ಆಗ ಒರಳಿನ ಮುಂದೆ ನಿಂತು, ನೆನೆದ ರದ್ದಿಯನ್ನು ರುಬ್ಬಿದ ಮೆಂತ್ಯದ ಜೊತೆ ಕುಟ್ಟುತ್ತಿದ್ದಳು. ಸಂತೆಯಿಂದ ಬಂದ ಪುಡಿಕೆ, ಹಳೆಯ ಪಂಚಾಂಗ, ಯಾರದೋ ಲಗ್ನಪತ್ರಿಕೆ, ಹೀಗೆ ನಮ್ಮ ಮನೆ ಹೊಕ್ಕ ಯಾವ ಕಾಗದವೂ ಅವಳ ಕೈಯಿಂದ ಪಾರಾದದ್ದಿಲ್ಲ. ಎಲ್ಲವೂ ಕೊನೆಗೆ ಬುಟ್ಟಿಯಾಗಿ, ಬೇಳೆಯನ್ನೋ ಮೆಣಸಿನಕಾಯಿಯನ್ನೋ ತುಂಬಿಕೊಂಡು ಗೂಡಿನಲ್ಲಿ ಕೂಡುತ್ತಿದ್ದವು.

ಒನಕೆ ನಿಂತಿತು.

"ಒಂದು ದಿನದಾಗ?"

"ಒಂದು ದಿನ ಯಾಕ, ಮಧ್ಯಾಹ್ನದೊಳಗ ಮುಗಸ್ತೀನಿ."

"ಆಯ್ತು. ನಾಳೆ ಪಂಚಮಿಗೆ ತವರಿಗೆ ಹೊಂಟೀನಿ. ನೀವು ಒಂದು ಬುಟ್ಟಿ ಮಾಡಿ ಕಮಲಾಪುರಕ್ಕ ತರ್ರಿ. ಎರಡು ಸೇರು ಜೋಳ ಹಾಕಿ ಎತ್ತಿ ನೋಡ್ತೀನಿ. ಸೊಟ್ಟ ಆಗಲಿಲ್ಲಂದ್ರ ನಿಮ್ಮ ಸಂಗಟ ತಿರುಗಿ ಬರ್ತೀನಿ."

"ಸೊಟ್ಟ ಆದ್ರ?"

ಒನಕೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಅವಳು ಹೋದಳು. ಕಲಬುರಗಿಯ ನಮ್ಮ ಓಣಿಯಲ್ಲಿ ಪಂಚಮಿಯ ಜೋಕಾಲಿ ಬಿಚ್ಚಿದರು. ಗಣಪತಿ ಬಂದು ಹೋದ. ದಸರೆಗೆ ಬನ್ನಿ ಕೊಟ್ಟು ತೆಗೆದುಕೊಂಡದ್ದೂ ಆಯಿತು. ಬುಟ್ಟಿಗೆ ಮಾತ್ರ ನಾನು ಕೈ ಹಚ್ಚಿರಲಿಲ್ಲ. "ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಿದ್ದ ಓಣಿಯವರು ಮೊದಲು ದನಿ ತಗ್ಗಿಸಿದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಕೇಳದಿದ್ದದ್ದೇ ಹೆಚ್ಚು ಕಿವಿಗೆ ಬೀಳುತ್ತಿತ್ತು. ನನಗಿದ್ದ ಒಂದೇ ಭರವಸೆ ಮಾವ ಮದುವೆಯಲ್ಲಿ ಮಗಳಿಗೆ ಕೊಟ್ಟ ತಾಮ್ರದ ಕೊಡ. ಅದರ ಕೊರಳಿನ ಸುತ್ತ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಹೊಡೆಸಿತ್ತು. ಅವಳು ಅದನ್ನು ಒಯ್ದಿರಲಿಲ್ಲ. ಪಕ್ಕದ ಮನೆಯ ನಬಿಸಾಬನ ಹೆಂಡತಿ ಸಕೀನಾ ಇದನ್ನು ನ್ಯಾಯಾಧೀಶರ ಹಾಗೆ ವಿಶ್ಲೇಷಿಸಿದ್ದಳು: "ಬರದಾಕಿ ಇದ್ರ ಕೊಡ ಬಿಟ್ಟು ಹೋಗ್ತಿದ್ಳೇನು ಭಾಯಿ?" ಅಂದಿನಿಂದ ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ಕೊಡ ಇದೆಯೇ ಎಂದು ನೋಡಿ, ಆಮೇಲೆ ಮುಖ ತೊಳೆಯುತ್ತಿದ್ದೆ.

ನಮ್ಮ ನಡುವೆ ಪತ್ರವ್ಯವಹಾರ ಇರಲಿಲ್ಲವೆಂದಲ್ಲ. ಎಂಟು ದಿನಕ್ಕೊಂದು ಕಾರ್ಡು ಹಾಕುತ್ತಿದ್ದೆ. 'ಇಲ್ಲಿ ಸರ್ವರೂ ಕ್ಷೇಮ, ಅಲ್ಲಿಯ ಸರ್ವರ ಕ್ಷೇಮಕ್ಕೆ ಬರೆಸುವುದು.' ಇಲ್ಲಿಯ ಸರ್ವರು ಎಂದರೆ ನಾನೊಬ್ಬನೇ. ಅದಕ್ಕಿಂತ ಹೆಚ್ಚು ಬರೆಯುವಂತಿರಲಿಲ್ಲ. ಸೂಗಮ್ಮನಿಗೆ ಓದಲು ಬಾರದು. ಆ ಮನೆಯಲ್ಲಿ ಓದು ಬಲ್ಲವರು ನನ್ನ ಮಾವ ಅಣವೀರಪ್ಪನವರು ಮಾತ್ರ. ಅವರು ಪತ್ರವನ್ನು ಮನಸ್ಸಿನಲ್ಲಿ ಓದುವವರಲ್ಲ. ಕಟ್ಟೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಬಾವಿಗೆ ಹೊರಟವರೂ ನಿಂತು ಕೇಳುವಂತೆ ಓದುವರು.

ಹೀಗಾಗಿ ನಿಜವಾದ ಪತ್ರಗಳನ್ನು ಬೇರೆ ಬರೆಯುತ್ತಿದ್ದೆ. ಕಚೇರಿಯಲ್ಲಿ ನನ್ನದು ನಕಲು ಬರೆಯುವ ಕೆಲಸ. ಹಗಲೆಲ್ಲ ಬೇರೆಯವರ ಜಗಳಗಳನ್ನು ಉರ್ದುವಿನಲ್ಲಿ ಚಂದವಾಗಿ ಬರೆದು, ಸಂಜೆ ಮನೆಗೆ ಬಂದು ನನ್ನ ಜಗಳವನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ದಿನಕ್ಕೊಂದು ಪತ್ರ, ಕಾಗದದ ಎರಡೂ ಮಗ್ಗುಲಿಗೆ; ಕಾಗದ ಉಳಿಸುವುದು ನನಗಂಟಿದ ಚಟ. ಬರೆದು ತಗಡಿನ ಪೆಟ್ಟಿಗೆಗೆ ಹಾಕುತ್ತಿದ್ದೆ. ದೀಪಾವಳಿಗೆ ಹದಿನೈದು ದಿನವಿದೆ ಎನ್ನುವಾಗ ಪೆಟ್ಟಿಗೆಯ ಮುಚ್ಚಳ ಹಾಕಲು ಬಾರದಾಯಿತು. ಆವತ್ತು ಎದ್ದು ನಿಂತೆ. ಬುಟ್ಟಿ ಮಾಡಿಯೇ ತೀರುವುದು!

ಮೊದಲ ಪ್ರಶ್ನೆ ರದ್ದಿಯದು. ಸೂಗಮ್ಮ ಮನೆಯಲ್ಲಿ ಒಂದು ಚೂರೂ ಉಳಿಸಿರಲಿಲ್ಲ. ಕಚೇರಿಯಲ್ಲಿ ರದ್ದಿಯ ಗುಡ್ಡವೇ ಇತ್ತು. ಮೇಲಿನ ಗುಮಾಸ್ತರಾದ ಫಕ್ರುದ್ದೀನ್ ಸಾಹೇಬರನ್ನು ಕೇಳಿದೆ. ರದ್ದಿಯಾದರೂ ಸರಕಾರದ್ದೇ, ಒಂದು ದರಖಾಸ್ತು ಕೊಡಿ ಎಂದರು. ಒಳ್ಳೆಯ ಕಾಗದದ ಮೇಲೆ ದರಖಾಸ್ತು ಬರೆದೆ. ಯಾವ ಉದ್ದೇಶಕ್ಕೆಂದು ಬರೆದಿಲ್ಲವೆಂದು ವಾಪಸು ಬಂತು. 'ಹೆಂಡತಿಯನ್ನು ಕರೆತರುವ ಉದ್ದೇಶಕ್ಕೆ' ಎಂದು ಬರೆಯುವಷ್ಟು ಉರ್ದು ನನಗೆ ಬರುತ್ತಿತ್ತು, ಧೈರ್ಯ ಇರಲಿಲ್ಲ. 'ಖಾಸಗಿ ಉದ್ದೇಶಕ್ಕೆ' ಎಂದು ಇನ್ನೊಂದು ಬರೆದೆ. ಅದೂ ವಾಪಸು ಬಂತು. ಕಚೇರಿಯಿಂದ ನನಗೆ ದಕ್ಕಿದ ರದ್ದಿ ಎಂದರೆ ಆ ಎರಡು ದರಖಾಸ್ತುಗಳು.

ಉಳಿದದ್ದು ತಗಡಿನ ಪೆಟ್ಟಿಗೆ. ಅದರ ಮುಂದೆ ಬಹಳ ಹೊತ್ತು ಕೂತಿದ್ದೆ. ಸೂಗಮ್ಮ ಬಂದರೆ ಈ ಪತ್ರಗಳು ಬೇಕಾಗುವುದಿಲ್ಲ, ಬರದಿದ್ದರೆ ಇವನ್ನು ಕೇಳುವವರಿಲ್ಲ ಎಂದು ನನಗೆ ನಾನೇ ವಾದಿಸಿ ನಾನೇ ಒಪ್ಪಿದೆ. ಕೊನೆಗೆ ಬರೆದ ಹನ್ನೆರಡು ಪತ್ರಗಳನ್ನು ಮಾತ್ರ ತೆಗೆದಿಟ್ಟೆ. ಯಾಕೆಂದು ಕೇಳಿದರೆ ಹೇಳಲಾರೆ. ಉಳಿದ ಅರವತ್ತನ್ನು ಹರಿದು ಚೂರು ಮಾಡಿದೆ.

ಉರ್ದು ಕಚೇರಿಯಾದ್ದರಿಂದ ನಮಗೆ ಶುಕ್ರವಾರ ರಜೆ. ಗೋಡೆಯಾಚೆಯಿಂದ ಸಕೀನಾ ಮೂರು ಮಾತು ಹೇಳಿದಳು: ರದ್ದಿ ನಾಲ್ಕು ದಿನ ನೆನೆಯಬೇಕು, ಕುಟ್ಟಿದ ಮುದ್ದೆಯನ್ನು ಗಡಿಗೆಯ ಮೇಲೆ ಬಡಿಯುವ ಮೊದಲು ಅದು ಅಂಟದಂತೆ ಬೂದಿ ಸವರಬೇಕು, ಬೋರಲು ಹಾಕಿದ ಗಡಿಗೆಯ ತಳದಿಂದ ಬಡಿಯುತ್ತ ಬಂದು ಹೊಟ್ಟೆಯ ಹತ್ತಿರ ನಿಲ್ಲಿಸಬೇಕು. ಮೂರನ್ನೂ ಗೌರವದಿಂದ ಕೇಳಿದೆ. ನಾಲ್ಕು ದಿನ ನೆನೆಸಿದರೆ ನನ್ನ ಘೋಷಣೆಯ ಗತಿಯೇನು? ಮುಂಜಾನೆ ನೆನೆಸಿ, ಬಿಸಿಲೇರುವಷ್ಟರಲ್ಲಿ ಕುಟ್ಟಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಕಾಗದ ಮಾತ್ರ ಕಾಗದವಾಗಿಯೇ ಉಳಿಯುವ ಹಟ ಹಿಡಿಯಿತು. ಸೂಗಮ್ಮ ಬುಟ್ಟಿ ಬಡಿಯುತ್ತಿದ್ದ ಮಣ್ಣಿನ ಗಡಿಗೆ ಗಣಪತಿ ಹಬ್ಬದ ಹೊತ್ತಿಗೇ ನನ್ನ ಕೈಯಲ್ಲಿ ತೀರಿಕೊಂಡಿತ್ತು, ಅದರ ಹಿಂದೆ ಇನ್ನೆರಡು. ಮನೆಯಲ್ಲಿ ಬದುಕಿದ್ದ ಗಡಿಗೆ ಎಂದರೆ ತಾಮ್ರದ ಕೊಡ. ಥಳಥಳ ಹೊಳೆಯುವ ತಾಮ್ರಕ್ಕೆ ಬೂದಿ ಯಾಕೆಂದು ಬಿಟ್ಟೆ. ಹೊಟ್ಟೆಯ ಹತ್ತಿರ ನಿಲ್ಲಿಸುವುದು ಹೆಂಗಸರ ಜಿಪುಣತನವೆಂದು ತೋರಿತು. ಎರಡು ಸೇರು ಕೇಳಿದ್ದಾಳೆ, ನಾಲ್ಕು ಸೇರಿನ ಬುಟ್ಟಿ ಒಯ್ದರೆ ಹೇಗಿದ್ದೀತು! ಹೊಟ್ಟೆ ದಾಟಿ, ಕೊರಳಿನ ಹತ್ತಿರದ ತನಕ ಬಡಿದೆ.

ಎರಡು ದಿನದ ಬಿಸಿಲಿಗೆ ಅದು ನಮ್ಮ ಕಡೆಯ ಎರೆಭೂಮಿಯಂತೆ ಬಿರುಕುಬಿಟ್ಟಿತು. ಗಂಜಿ ಕಾಯಿಸಿ ಕಾಗದ ಅಂಟಿಸಿರಿ ಎಂದಳು ಸಕೀನಾ. ಕಾಗದ ಎಲ್ಲಿತ್ತು? ತೆಗೆದಿಟ್ಟ ಹನ್ನೆರಡು ಪತ್ರಗಳೇ ತೇಪೆಯಾದವು. ಬರಹ ಒಳಗಾಗಿ ಅಂಟಿಸೋಣವೆಂದರೆ ಎರಡೂ ಮಗ್ಗುಲಿಗೆ ಬರಹ. ಕಚೇರಿಯ ಶಾಯಿ ನೀರಿಗೆ ಜಗ್ಗುವುದಲ್ಲ, ಗಂಜಿಗೂ ಜಗ್ಗಲಿಲ್ಲ. ಮೇಲೆ ಕೆಮ್ಮಣ್ಣು ಸವರಿ ಮುಚ್ಚಿದೆ. ದೂರದಿಂದ ನೋಡಿದರೆ, ಆಣೆ ಮಾಡಿ ಹೇಳುತ್ತೇನೆ, ಚೆನ್ನಾಗಿತ್ತು.

ಬುಧವಾರ ಬುಟ್ಟಿಯನ್ನು ಕೊಡದಿಂದ ಎತ್ತಲು ಹೋದೆ. ಬರಲಿಲ್ಲ. ತಿರುಗಿಸಿದೆ, ಗುದ್ದಿದೆ, ಬುದ್ಧಿ ಹೇಳಿದೆ. ಕೊಡದ ಹೊಟ್ಟೆ ದೊಡ್ಡದು, ಬುಟ್ಟಿಯ ಬಾಯಿ ಸಣ್ಣದು ಎಂಬ ಸತ್ಯ ಆಗ ನನಗೆ ಹೊಳೆಯಿತು. ನಬಿಸಾಬ ಬಂದು ಒಂದು ಸುತ್ತು ಹಾಕಿ ನೋಡಿದ.

"ಇದು ಬುಟ್ಟಿ ಅಲ್ಲ ಭಾಯಿ. ಕೊಡಕ್ಕ ಅಂಗಿ ಹೊಲದೀರಿ."

ಕೊಯ್ದರೆ ಬುಟ್ಟಿಯಿಲ್ಲ. ಕೊಯ್ಯದಿದ್ದರೆ ಕೊಡವಿಲ್ಲ. ಅವಳು ಬರುವಳೆಂಬುದಕ್ಕೆ ಇದ್ದ ಒಂದೇ ಆಧಾರವನ್ನು ನಾನೇ ಸೆರೆಗೆ ಹಾಕಿದ್ದೆ. ಆ ದಿನ ನಾನು ಪತ್ರ ಬರೆಯಲಿಲ್ಲ.

ಮರು ಶುಕ್ರವಾರ ನಮ್ಮ ಓಣಿಯ ನಾಗಣ್ಣನ ಎತ್ತಿನ ಬಂಡಿ ಕೆಂಪು ಬಾಳೆಹಣ್ಣು ತರಲು ಕಮಲಾಪುರಕ್ಕೆ ಖಾಲಿ ಹೊರಟಿತ್ತು. ಹೊಸದಾಗಿ ಒಗೆಸಿದ ಧೋತರ ಉಟ್ಟು, ಕಂಬಳಿಯಲ್ಲಿ ಸುತ್ತಿದ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿದೆ. ತಾಜಸುಲ್ತಾನಪುರ ದಾಟುವ ತನಕ ನಾಗಣ್ಣ ತಡೆದುಕೊಂಡ.

"ಕೂಸಿನಂಗ ಹಿಡ್ಕೊಂಡೀರಲ್ರೀ, ಏನದ ಒಳಗ?"

"ಬುಟ್ಟಿ."

ಅವನು ಕಂಬಳಿಯ ಅಂಚು ಎತ್ತಿ ನೋಡಿದ. "ಬುಟ್ಟ್ಯಾಗ ಕೊಡ ಅದ. ಹೊರಗ ತೆಗೀರಿ, ಹಗುರ ಆಗ್ತದ."

"ಬರೂದಿಲ್ಲ."

ಎತ್ತುಗಳು ಇಪ್ಪತ್ತು ಹೆಜ್ಜೆ ನಡೆಯುವ ತನಕ ನಾಗಣ್ಣ ವಿಚಾರ ಮಾಡಿದ. "ಬಂದಿದ್ರ ಇಷ್ಟು ಜ್ವಾಕಿಲೆ ಒಯ್ತಿದ್ದಿಲ್ಲ ಬಿಡ್ರಿ," ಎಂದ.

ಹಗಲೆಲ್ಲ ಬಂಡಿ ಕುಲುಕಾಡಿತು. ಆ ಕುಲುಕಾಟದಲ್ಲಿ ಏನಾಗುತ್ತಿದೆ ಎಂಬುದು ನನಗೆ ತಿಳಿದದ್ದು ಸಂಜೆ ಮಾವನ ಮನೆಯ ಮುಂದೆ ಕಂಬಳಿ ಬಿಚ್ಚಿದಾಗ. ಕೆಮ್ಮಣ್ಣು ಒಂದು ಚೂರೂ ಬಿಡದೆ ಉದುರಿ, ಕಂಬಳಿಯೊಳಗಿಂದ ಸೋರಿ ನನ್ನ ಧೋತರಕ್ಕೆ ಬಂದಿತ್ತು. ನಾನು ಕೆಂಪಾಗಿದ್ದೆ, ಬುಟ್ಟಿ ಬೆಳ್ಳಗಿತ್ತು. ಬಿಳಿಯ ಮೇಲೆ ನನ್ನ ಕೈಬರಹ ನಕಲು ಪ್ರತಿಯಷ್ಟು ಸ್ಪಷ್ಟವಾಗಿತ್ತು.

ಮುಚ್ಚಬೇಕೆನ್ನುವಷ್ಟರಲ್ಲಿ ಮಾವ ಅದನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕೂತಾಗಿತ್ತು. ಬರೆದದ್ದು ಕಂಡರೆ ಓದದೆ ಬಿಡುವ ಜೀವವಲ್ಲ ಅದು. ಚಾಳೀಸನ್ನು ಮೂಗಿಗೇರಿಸಿ, ಗಂಟಲು ಸರಿಮಾಡಿಕೊಂಡರು. ಅತ್ತೆ ಹೊರಗೆ ಬಂದರು. ಬಾವಿಗೆ ಹೊರಟ ಇಬ್ಬರು ನಿಂತರು. ಅವರ ಹಿಂದೆ ಬಾಗಿಲಲ್ಲಿ ಸೂಗಮ್ಮ. ಅವಳನ್ನು ನೋಡಿ ಎಂಬತ್ತು ದಿನವಾಗಿತ್ತು. ನನ್ನ ಧೋತರವನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

"'ಇವತ್ತು ಮೂರು ರೊಟ್ಟಿ ಬಡಿದೆ,'" ಎಂದು ಮಾವ ಶುರು ಮಾಡಿದರು. "'ಎರಡು ಹರಿದವು. ಒಂದನ್ನು ನಬಿಸಾಬನ ಆಡು ಮೂಸಿ ನೋಡಿ ಬಿಟ್ಟು ಹೋಯಿತು. ರೊಟ್ಟಿಗಾಗಿ ನನಗೆ ಚಿಂತೆಯಿಲ್ಲ. ನಸುಕಿನಲ್ಲಿ ನೀನು ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರಾಗುತ್ತಿದ್ದೆ. ಈಗ ಪಕ್ಕದ ಮನೆಯಲ್ಲಿ ಸಪ್ಪಳವಾದರೂ ನೀನು ಬಂದೆ ಎಂದು...'"

ಸಾಲು ಇನ್ನೊಂದು ತೇಪೆಯ ಕೆಳಗೆ ನುಸುಳಿ ಆಚೆ ಎದ್ದಿತ್ತು. ಮಾವ ಕೊಡವನ್ನು ಅರ್ಧ ಸುತ್ತು ತಿರುಗಿಸಿ ಮುಂದುವರಿಸಿದರು.

"'ಎದ್ದು ಕೂಡುತ್ತೇನೆ. ಬುಟ್ಟಿಯ ಮಾತು ಬಾಯಿ ಜಾರಿ ಅಂದದ್ದು. ನೀನು ಕುಟ್ಟುವುದನ್ನು ನೋಡುತ್ತ ಕೂಡುವುದು ನನಗೆ ಸೇರುತ್ತಿತ್ತು, ಹಾಗೆ ಹೇಳಲು ಬಾರದೆ ಇನ್ನೇನೋ ಹೇಳಿದೆ. ಇದನ್ನೆಲ್ಲ ಕಾರ್ಡಿನಲ್ಲಿ ಬರೆಯಲಾರೆ. ನಿಮ್ಮ ಅಪ್ಪ ಕಟ್ಟೆಯ ಮೇಲೆ ಕೂತು ಡಂಗುರದವನ ಹಾಗೆ...'"

ಬಾವಿಯ ತನಕ ಹೋಗಿದ್ದ ದನಿ ಅಲ್ಲಿಗೆ ನಿಂತಿತು. ಅಣವೀರಪ್ಪನವರು ತಮ್ಮ ಜೀವಮಾನದಲ್ಲಿ ಮೊದಲ ಸಲ ಪತ್ರವೊಂದರ ಉಳಿದ ಭಾಗವನ್ನು ಮನಸ್ಸಿನಲ್ಲಿ ಓದಿದರು. ಚಾಳೀಸು ತೆಗೆದು ಒರೆಸಿಕೊಂಡರು.

"ಅಕ್ಷರ ಚಲೋ ಅವ, ಅಳಿಯಾವ್ರ," ಎಂದರು.

ಸೂಗಮ್ಮ ಬಂದು ಅವರ ಕೈಯಿಂದ ಕೊಡ ತೆಗೆದುಕೊಂಡಳು. ಬೆರಳಿನಿಂದ ಬಡಿದು ನೋಡಿದಳು, ಅಂಚು ಒತ್ತಿ ನೋಡಿದಳು, ಮೂಸಿ ನೋಡಿದಳು.

"ಬೂದಿ ಹಚ್ಚಿದ್ರೇನ್ರಿ?"

"ಇಲ್ಲ."

"ಹೊಟ್ಟಿ ದಾಟಿ ಯಾಕ ಬಡಿದ್ರಿ?"

"ದೊಡ್ಡದಾಗಲಿ ಅಂತ."

ಅವಳು ಒಳಗೆ ಹೋಗಿ ಒಂದು ಸಣ್ಣ ಗಂಟು ತಂದಳು. ದಸರೆಯ ಮೊದಲೇ ಎರಡು ಸೇರು ಜೋಳ ಅಳೆದು ಬಾಗಿಲ ಮೂಲೆಯಲ್ಲಿಟ್ಟಿದ್ದಾಳೆ, ಯಾರಿಗೂ ಮುಟ್ಟಲು ಕೊಟ್ಟಿಲ್ಲ, ಎರಡು ಸಲ ನುಸಿ ಹಿಡಿದು ಬಿಸಿಲಿಗೆ ಹಾಕಿದ್ದಾಯಿತು ಎಂದು ಅತ್ತೆ ಯಾರೂ ಕೇಳದೆಯೇ ಹೇಳಿದರು. ಸೂಗಮ್ಮ ಅವರ ಕಡೆ ತಿರುಗಿ ಒಂದು ನೋಟ ನೋಡಿದಳು. ಆಮೇಲೆ ಜೋಳವನ್ನು ಕೊಡದ ಬಾಯಿಂದ ಸುರಿದು ಎತ್ತಿದಳು.

"ಸೊಟ್ಟ ಆಗಲಿಲ್ಲ," ಎಂದೆ ನಾನು.

"ತಾಮ್ರ ಯಾಕ ಸೊಟ್ಟ ಆಗ್ತದ್ರೀ?"

ಹೌದಲ್ಲ. ನನ್ನ ವಾದ ಅಲ್ಲಿಗೆ ಮುಗಿಯಿತು. ಕೊಡ ಬಿಡಿಸುವುದೇನು ದೊಡ್ಡದು, ಬಾನಿಯ ನೀರಿನಲ್ಲಿ ಮುಳುಗಿಸಿಟ್ಟರೆ ಬೆಳಗಾಗುವಷ್ಟರಲ್ಲಿ ತಾನೇ ಕಳಚಿಕೊಳ್ಳುತ್ತದೆ ಎಂದು ಅತ್ತೆ ಕೈ ಚಾಚಿದರು. ಸೂಗಮ್ಮ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು.

"ಬ್ಯಾಡ ಯವ್ವಾ. ಹಂಗೇ ಇರ್ಲಿ."

ಮರುದಿನ ಮುಂಜಾನೆ ಬಂಡಿಯ ತುಂಬ ಕೆಂಪು ಬಾಳೆಯ ಗೊನೆಗಳು, ನಡುವೆ ನಾವಿಬ್ಬರು, ಅವಳ ತೊಡೆಯ ಮೇಲೆ ಕೊಡ. ನಾನು ಗೆದ್ದ ಮುಖ ಮಾಡಿಕೊಂಡು ಕೂತಿದ್ದೆನೆಂದು ತೋರುತ್ತದೆ.

"ಬುಟ್ಟಿ ಗೆದ್ದದ ಅಂತ ತಿಳ್ಕೋಬ್ಯಾಡ್ರಿ," ಎಂದಳು. "ನಾ ನನ್ನ ಕೊಡದ ಸಂಗಟ ಹೊಂಟೀನಿ."

ಊರು ಹಿಂದೆ ಬಿದ್ದ ಮೇಲೆ ಕೊಡವನ್ನು ನನ್ನ ಕಡೆ ಸರಿಸಿದಳು. "ಓದ್ರಿ. ನಾಗಣ್ಣಗ ಕೇಳಿಸದಂಗ."

ಓದಿದೆ. ಕೊಡವನ್ನು ತಿರುಗಿಸುವುದು ಅವಳು, ಓದುವುದು ನಾನು. ಒಂದು ಪತ್ರದ ತುದಿ, ಇನ್ನೊಂದರ ನಡು, ಮತ್ತೊಂದರ ಬರೀ ತಲೆಬರಹ. ಎತ್ತುಗಳ ಗೆಜ್ಜೆ ಜೋರಾದಲ್ಲಿ ನಿಲ್ಲಿಸುತ್ತಿದ್ದೆ, ಅವಳು ಅದೇ ಸಾಲನ್ನು ಮತ್ತೆ ಓದಿಸುತ್ತಿದ್ದಳು. ತೇಪೆಗಳು ಮುಗಿದ ಮೇಲೆ ಉಳಿದ ಮುದ್ದೆಯನ್ನು ಬೆರಳಿನಿಂದ ಸವರಿದಳು. ಅಲ್ಲಲ್ಲಿ ಒಂದು ಅಕ್ಷರ, ಅರ್ಧ ಅಕ್ಷರ ಬಿಟ್ಟರೆ ಏನೂ ಇರಲಿಲ್ಲ.

"ಇದ್ರಾಗ ಎಷ್ಟು ಪತ್ರ ಅವ?"

"ಅರವತ್ತು."

"ಅದ್ರಾಗ ಏನು ಬರ್ದಿದ್ರಿ?"

ನೆನಪು ಮಾಡಿಕೊಳ್ಳಲು ನೋಡಿದೆ. ಒಂದೂ ಪೂರ್ತಿ ನೆನಪಾಗಲಿಲ್ಲ. ಹಾಗೆಯೇ ಹೇಳಿದೆ. ಅವಳು ಗೊನೆಯಿಂದ ಒಂದು ಬಾಳೆಹಣ್ಣು ಮುರಿದು, ಅರ್ಧ ನನ್ನ ಕೈಗೆ ಕೊಟ್ಟಳು.

"ಮತ್ತ ಬರೀರಿ, ಅರವತ್ತೂ. ಓದಿ ಹೇಳಿದ ಮ್ಯಾಲೆ ನನ್ನ ಕೈಯಾಗ ಕೊಡ್ರಿ. ಕುಟ್ಟೂದು ನಿಮ್ಮ ಕೈಲಾಗೂ ಕೆಲಸ ಅಲ್ಲ."