ಬನ್ನಣ್ಣನಿಗೆ ಸಕ್ಕರೆ ಇದೆ

ಮಹಡಿ ಮನೆಯ ಟೀಚರಮ್ಮ ಬೆಳಗ್ಗೆ ಕೇಕಿಗೆಂದು ಮೊಟ್ಟೆ ಒಡೆದು, ಹಿಟ್ಟು ಜರಡಿ ಹಿಡಿದು, ಬೆಣ್ಣೆಯನ್ನೂ ಕರಗಿಸಿಟ್ಟ ಮೇಲೆ ಸಕ್ಕರೆ ಡಬ್ಬಿ ತೆಗೆದು ನೋಡಿದರು. ತಳದಲ್ಲಿ ಇರುವೆಗಳಿದ್ದವು, ಸಕ್ಕರೆ ಇರಲಿಲ್ಲ. ಕಿಟಕಿಯಿಂದ ಬಗ್ಗಿ, ಕೆಳಗೆ ಹಲ್ಲುಜ್ಜುತ್ತಿದ್ದ ಬನ್ನಣ್ಣನನ್ನು ಮೆಲ್ಲಗೆ ಕೇಳಿದರು. ಇಡೀ ದಿನದ ಅನಾಹುತಕ್ಕೆ ಕಾರಣ ಇಷ್ಟೇ.

ಬನ್ನಣ್ಣ ಎಂದರೆ ಬೀದಿ ಕೊನೆಯ ಬೇಕರಿಯಲ್ಲಿ ಬನ್ನು ಬೇಯಿಸುವವನು. ಕಾಫಿಗೆ ಒಂದೇ ಚಮಚ ಸಕ್ಕರೆ ಎನ್ನುವುದು ಅವನ ಹೆಂಡತಿ ಮಾಡಿದ ಕಾನೂನು. ಅದನ್ನು ಮುರಿಯುವುದಕ್ಕೆಂದೇ ಅವನು ಮೆಟ್ಟಿಲ ಕೆಳಗೆ, ಹಳೆ ಪೇಪರಿನ ಹಿಂದೆ, ಒಂದು ಡಬ್ಬಿ ಸಕ್ಕರೆ ಬಚ್ಚಿಟ್ಟುಕೊಂಡಿದ್ದ. ಟೀಚರಮ್ಮನ ಅವಸ್ಥೆ ನೋಡಿ ಅವನಿಗೆ ಅಯ್ಯೋ ಪಾಪ ಅನ್ನಿಸಿತು. ಬಾಯಿಯ ನೊರೆ ಉಗಿದು, ಅತ್ತಿತ್ತ ನೋಡಿ ಹೇಳಿದ.

"ಸಕ್ಕರೆ ಇದೆ ಟೀಚರ್. ಜಾಸ್ತಿನೇ ಇದೆ. ಇವಳಿಗಿನ್ನೂ ಹೇಳಿಲ್ಲ, ನೀವೂ ಹೇಳ್ಬೇಡಿ."

ಅತ್ತಿತ್ತ ನೋಡಿದವನು ಹಿಂದೆ ನೋಡಿರಲಿಲ್ಲ. ಗೋಡೆಯಾಚೆ ಪಕ್ಕದ ಮನೆಯ ಕಾಂಪೌಂಡರ್ ಮಾವ ಗಿಡಕ್ಕೆ ನೀರು ಬಿಡುತ್ತಿದ್ದರು. ಕೆಲಸದಿಂದ ನಿವೃತ್ತರಾಗಿದ್ದರೂ ಬೀದಿಯವರ ಕಾಯಿಲೆಗಳ ಉಸ್ತುವಾರಿಯನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಟೀಚರಮ್ಮನ ಪ್ರಶ್ನೆ ಅವರಿಗೆ ಕೇಳಿಸಲಿಲ್ಲ, ಬನ್ನಣ್ಣನ ಉತ್ತರ ಮಾತ್ರ ಒಂದಕ್ಷರ ಬಿಡದೆ ಕೇಳಿಸಿತು. ನಲ್ಲಿ ನಿಲ್ಲಿಸುವುದನ್ನೂ ಮರೆತು ಅವರು ಬನ್ನಣ್ಣನ ಮನೆಯ ಮುಂಬಾಗಿಲಿಗೆ ಓಡಿದರು.

ಇದೆಲ್ಲ ಬೇರೆ ದಿನ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಬೇಕರಿ ಯಜಮಾನರು ಪೇಟೆಯಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅದರ ಬೀಗದ ಕೈ ಯಾರಿಗೆ ಎನ್ನುವುದು ಅವತ್ತು ಸಂಜೆ ತೀರ್ಮಾನವಾಗಬೇಕಿತ್ತು. ಕಣದಲ್ಲಿದ್ದವರು ಇಬ್ಬರೇ, ಬನ್ನಣ್ಣ ಮತ್ತು ಕೇಕಿಗೆ ಕ್ರೀಮು ಹಚ್ಚುವ ಕ್ರೀಮಣ್ಣ. ವರ್ಷಗಟ್ಟಲೆ ಒಲೆ ಮುಂದೆ ಬನ್ನಿನ ಜೊತೆ ತಾನೂ ಬೆಂದ ಬನ್ನಣ್ಣನಿಗೆ ಆ ಬೀಗದ ಕೈ ಬೇಕೇ ಬೇಕಾಗಿತ್ತು.

ಅವನು ಡಬ್ಬಿಯನ್ನು ಮಹಡಿಗೆ ಮುಟ್ಟಿಸಿ ಮನೆಯೊಳಗೆ ಬಂದಾಗ ಹೆಂಡತಿ ಕಾಫಿ ಹಿಡಿದು ನಿಂತಿದ್ದಳು. ಕಾಫಿ ಕಷಾಯದಂತಿತ್ತು, ಅವಳ ಕಣ್ಣು ಕೆಂಪಾಗಿತ್ತು.

"ಯಾಕೆ ಮುಚ್ಚಿಟ್ರಿ? ನಾನೇನು ಹೊರಗಿನವಳಾ?"

ಡಬ್ಬಿಯ ಗುಟ್ಟು ರಟ್ಟಾಯಿತು ಎಂದುಕೊಂಡ ಬನ್ನಣ್ಣ ತಲೆ ತಗ್ಗಿಸಿದ. "ತಪ್ಪಾಯ್ತು ಕಣೇ. ಹೋದ ವರ್ಷದಿಂದ್ಲೇ ಇದೆ. ಮೊದ್ಲು ಸ್ವಲ್ಪ ಇತ್ತು, ಬರ್ತಾ ಬರ್ತಾ ಜಾಸ್ತಿ ಆಯ್ತು."

ಅವಳು ಗೋಡೆಗೆ ಒರಗಿದಳು. "ನಿಮ್ಮಪ್ಪಂಗೂ ಇತ್ತಂತೆ. ಅತ್ತೆ ಹೇಳ್ತಿದ್ರು."

"ಹೌದಾ? ಅವ್ರು ಎಲ್ಲಿಟ್ಕೊಂಡಿದ್ರು?"

ಅವಳು ನೋಡಿದ ನೋಟದಿಂದಲೇ ಅವನಿಗೆ ವಿಷಯ ಅರ್ಥವಾಯಿತು. ಇದು ಕಾಯಿಲೆಯಲ್ಲ, ಡಬ್ಬಿ, ಡಬ್ಬಿಯಲ್ಲಿರುವ ಸಕ್ಕರೆ ಎಂದು ಬಡಬಡಿಸುತ್ತಾ ಅವಳ ಕೈ ಹಿಡಿದು ಮೆಟ್ಟಿಲ ಕೆಳಗೆ ಕರೆದೊಯ್ದು ತೋರಿಸಿದ. ಅಲ್ಲಿ ಹಳೆ ಪೇಪರಿತ್ತು. ಡಬ್ಬಿ ಮಹಡಿಯಲ್ಲಿತ್ತು, ಇಷ್ಟೆಲ್ಲ ಮಾತಾಗುವಷ್ಟರಲ್ಲಿ ಟೀಚರಮ್ಮ ಕೇಕನ್ನು ಒಲೆಗೆ ಹಾಕಿ ಬಾಗಿಲಿಗೆ ಬೀಗ ಜಡಿದು ಅಂಗಡಿಗೆ ಹೋಗಿದ್ದರು. ತನಗೆ ಧೈರ್ಯ ತುಂಬಲು ಗಂಡ ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಇನ್ನಷ್ಟು ಅಳು ಬಂತು.

ಬೀದಿಗೆ ಬಂದರೆ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಕಾಫಿ ಗಾಡಿಯ ಅಕ್ಕ ಅವನ ಲೋಟಕ್ಕೆ ಸಕ್ಕರೆ ಹಾಕುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು. ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು, ಕಾಲಿನ ಬೆರಳುಗಳನ್ನು ಜೋಪಾನ ಮಾಡಿಕೊಳ್ಳುವಂತೆ ಬುದ್ಧಿ ಹೇಳಿದ. ಬನ್ನಣ್ಣನಿಗೆ ಅವರ ಪ್ರೀತಿ ಕಂಡು ಮೈಯೆಲ್ಲ ಉರಿಯಿತು.

ಬೇಕರಿಯಲ್ಲಿ ಕ್ರೀಮಣ್ಣ ಬಹಳ ಮರುಕದಿಂದ ಅವನ ಕೈಯ ಚಮಚ ಕಿತ್ತುಕೊಂಡ. ಪಾಕದ ರುಚಿಯನ್ನು ಇನ್ನು ಮೇಲೆ ನಾನೇ ನೋಡುತ್ತೇನೆ, ನೀನು ವಿಶ್ರಾಂತಿ ತಗೋ ಅಂದ. ಗಾಜಿನ ಬಾಗಿಲಾಚೆ ಕೂತಿದ್ದ ಯಜಮಾನರು ಬನ್ನಣ್ಣನನ್ನೇ ನೋಡುತ್ತಾ ಗಡ್ಡ ಸವರಿಕೊಳ್ಳುತ್ತಿದ್ದರು. ಅವರು ಹಾಗೆ ಗಡ್ಡ ಸವರಿಕೊಂಡರೆ ಯಾರದೋ ಹಣೆಬರಹ ಬರೆಯುತ್ತಿದ್ದಾರೆ ಎಂದೇ ಅರ್ಥ. ರುಚಿ ನೋಡಲಾಗದವನ ಕೈಗೆ ಯಾರು ಬೇಕರಿ ಕೊಡುತ್ತಾರೆ ಎಂದು ಬನ್ನಣ್ಣ ಗಾಬರಿಯಾದ. ಆ ಗಾಬರಿಯಲ್ಲಿ ಒಂದು ತಟ್ಟೆ ಬನ್ನು ಸೀದು ಹೋಯಿತು.

ಮಧ್ಯಾಹ್ನ ಊಟ ಬಿಟ್ಟು ಅವನು ನಾದಿನಿಯ ಬಳಿ ಓಡಿದ. ಹೆಂಡತಿಯ ತಂಗಿ, ಕ್ಲಿನಿಕ್ಕಿನಲ್ಲಿ ನರ್ಸು. ಅವಳು ಅಲ್ಲೇ ಬೆರಳು ಚುಚ್ಚಲು ಹೊರಟಳು. ಇಲ್ಲಿ ಚುಚ್ಚಿದರೆ ನಂಬುವವರು ಯಾರೂ ಇಲ್ಲ, ಸಂಜೆ ಎಲ್ಲರ ಕಣ್ಣೆದುರು ಚುಚ್ಚಬೇಕು ಎಂದು ಅವನು ಹಟ ಹಿಡಿದ. ಅಕ್ಕನನ್ನೂ ಕರೆದುಕೊಂಡು ಬಾ ಎಂದು ಕೈ ಮುಗಿದ.

ಸಂಜೆ ಬೇಕರಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಜಿನ ಮೇಲೆ ದೊಡ್ಡ ಕೇಕು, ಪಕ್ಕದಲ್ಲಿ ಬೀಗದ ಕೈ. ಯಾರೂ ಕರೆಯದಿದ್ದರೂ ಕಾಂಪೌಂಡರ್ ಮಾವ ಮುಂದಿನ ಕುರ್ಚಿಯಲ್ಲಿದ್ದರು. ಯಜಮಾನರು ಗಂಟಲು ಸರಿಮಾಡಿಕೊಂಡು ಬೀಗದ ಕೈಯನ್ನು ಎತ್ತಿದ್ದೇ ತಡ, ಬನ್ನಣ್ಣ ಬೆರಳನ್ನು ಮುಂದೆ ಚಾಚಿದ.

"ಒಂದ್ನಿಮಿಷ ಯಜಮಾನ್ರೇ. ಮೊದ್ಲು ಇದನ್ನ ನೋಡಿ, ಆಮೇಲೆ ಹೇಳಿ."

ನಾದಿನಿ ಚುಚ್ಚಿದಳು. ಪುಟ್ಟ ಯಂತ್ರ ಯೋಚಿಸುತ್ತಿದ್ದಷ್ಟು ಹೊತ್ತು ಎಲ್ಲರ ಕತ್ತೂ ಅದರತ್ತ ಚಾಚಿತ್ತು. ಅವಳು ಅದನ್ನು ಮೊದಲು ಕಾಂಪೌಂಡರ್ ಮಾವನಿಗೆ ತೋರಿಸಿದಳು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. "ಇಲ್ಲ. ಸಕ್ಕರೆ ಇಲ್ಲವೇ ಇಲ್ಲ," ಎಂದು ಸ್ವಲ್ಪ ಬೇಸರದಲ್ಲೇ ಒಪ್ಪಿಕೊಂಡರು.

ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬನ್ನಣ್ಣ ಗೆದ್ದವನಂತೆ ಕೈ ಚಾಚಿದ. ಯಜಮಾನರ ಮುಖ ಮಾತ್ರ ಜೋತುಬಿತ್ತು, ಬೀಗದ ಕೈ ಮೆಲ್ಲಗೆ ಮೇಜಿಗೆ ಇಳಿಯಿತು.

"ಒಳ್ಳೇದಾಯ್ತು ಬನ್ನಣ್ಣ. ಆದ್ರೆ ನೋಡಿ, ಹಿಂದೆ ಒಂದು ಅಂಗಡಿ ಇಟ್ಟಿದ್ದೆ. ಅಲ್ಲಿದ್ದವನು ಮಾರಿದ್ದಕ್ಕಿಂತ ತಿಂದಿದ್ದೇ ಹೆಚ್ಚು, ಅಂಗಡಿ ಮುಚ್ಚಿಹೋಯ್ತು. ನೀವೂ ಸಿಹಿ ಕಂಡ್ರೆ ಬಿಡೋರಲ್ಲ ಅಂತ ಹಿಂದೆಮುಂದೆ ನೋಡ್ತಿದ್ದೆ. ಬೆಳಗ್ಗೆ ನಿಮಗೆ ಸಕ್ಕರೆ ಇದೆ ಅಂತ ಗೊತ್ತಾದ್ಮೇಲೆ ನಿಶ್ಚಿಂತೆ ಆಯ್ತು, ಕೀ ನಿಮಗೇ ಅಂತ ಎತ್ಕೊಂಡಿದ್ದೆ."

ಮೂಲೆಯಲ್ಲಿ ಕ್ರೀಮಣ್ಣ ಸಂಕೋಚದಿಂದ ಕೈಯೆತ್ತಿದ.

"ಯಜಮಾನ್ರೇ, ನನಗೆ ಬಹಳ ವರ್ಷದಿಂದ ಇದೆ. ಕೆಲಸ ಹೋಗುತ್ತೆ ಅಂತ ಹೇಳಿರ್ಲಿಲ್ಲ."

ನಾದಿನಿ ಅವನ ಬೆರಳಿಗೂ ಸೂಜಿ ಚುಚ್ಚಿದಳು. ಈ ಸಲ ಕಾಂಪೌಂಡರ್ ಮಾವನ ಮುಖ ಅರಳಿತು. ಬೀಗದ ಕೈ ಕ್ರೀಮಣ್ಣನ ಜೇಬು ಸೇರಿತು, ಅವನು ಮುಟ್ಟುವ ಹಾಗಿಲ್ಲದ ಕೇಕಿನ ಮೊದಲ ತುಂಡು ಬನ್ನಣ್ಣನ ಕೈ ಸೇರಿತು.

ಅದನ್ನು ತಿಂದು ಮುಗಿಸಿದ ಬನ್ನಣ್ಣನ ಬೆನ್ನನ್ನು ನಾದಿನಿ ಸವರಿದಳು. "ಬೇಜಾರು ಮಾಡ್ಕೋಬೇಡಿ ಭಾವ. ನೀವು ತಿನ್ನೋ ರೀತಿ ನೋಡಿದ್ರೆ ನಿಮಗೂ ಬಂದೇ ಬರುತ್ತೆ."

ಆ ಒಂದು ಭರವಸೆಯ ಮೇಲೆ ಬನ್ನಣ್ಣ ಎರಡನೆಯ ತುಂಡಿಗೆ ಕೈ ಹಾಕಿದ.