ಬೀಜದ ಗಡಿಗೆಯಲ್ಲಿ ಅಪ್ಪನ ನಗು

ಜೋಪಾನ ಮಾಡುವುದು ನನ್ನ ಹುಟ್ಟುಗುಣ. ನಾನು ಜೋಪಾನವಾಗಿ ಇಟ್ಟ ವಸ್ತು ಕಳ್ಳರಿಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ. ಕಪಾಟಿನ ಎರಡನೆಯ ಕೀಲಿಯನ್ನು ಅದೇ ಕಪಾಟಿನೊಳಗಿಟ್ಟು ಬಾಗಿಲು ಹಾಕಿದ ಮನುಷ್ಯ ನಾನು. ಬಿಳೂರಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಶಿಸ್ತು ಕಲಿಸುವವನೂ ನಾನೇ ಎಂಬುದನ್ನು ಇಲ್ಲಿ ಹೇಳದಿದ್ದರೆ ಒಳ್ಳೆಯದಿತ್ತು.

ಸುಗ್ಗಿ ಮುಗಿದ ಹೊತ್ತಿಗೆ ನನ್ನ ಮೊಬೈಲು ಫೋಟೊ ತುಂಬಿ ತುಂಬಿ ಜಾಗವಿಲ್ಲವೆಂದು ಗೋಳಾಡತೊಡಗಿತು. ಜತ್ತ ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಸಿದೆ. ಅಂಗಡಿಯವರು, “ಮಾಸ್ತರ್ರ, ಇನ್ನೊಂದು ಕಾಪಿ ಬ್ಯಾರೆ ಕಡೆ ಇರ್ಲಿರಿ” ಅಂದರು. ಇದು ಇನ್ನೊಂದು ಪೆನ್‌ಡ್ರೈವ್ ಮಾರುವ ಮಾತು ಎಂದು ಮನಸ್ಸಿನಲ್ಲೇ ನಕ್ಕು, ಮೊಬೈಲಿನಲ್ಲಿದ್ದುದನ್ನು ಅಲ್ಲೇ ಅಳಿಸಿಬಿಟ್ಟೆ. ಇನ್ನು ಇದನ್ನು ಎಲ್ಲಿಡುವುದು? ಹುಳ ಹತ್ತದ, ತೇವ ತಾಗದ, ಮಗಳ ಕೈಗೆ ಎಟುಕದ ಜಾಗ ಮನೆಯಲ್ಲಿ ಒಂದೇ: ಅವ್ವ ಬೂದಿ ಕಲಸಿ ಬಿಳಿಜೋಳದ ಬೀಜ ತುಂಬಿಡುವ ಜೋಡಿ ಗಡಿಗೆ. ಬಾಯಿ ಮುಚ್ಚಿ ಸೆಗಣಿ ಮೆತ್ತಿದರೆ ಬಿತ್ತುವ ತನಕ ಅವನ್ನು ಯಾರೂ ಮುಟ್ಟುವುದಿಲ್ಲ. ಮೆತ್ತುವ ಮೊದಲೇ ಪೆನ್‌ಡ್ರೈವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದರ ಬೀಜದೊಳಗೆ ಹುದುಗಿಸಿ, ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಮರೆತುಬಿಟ್ಟೆ.

ಅಪ್ಪನ ಪುಣ್ಯತಿಥಿ ಹತ್ತಿರ ಬಂತು. ಅವ್ವ ಅಂದಳು, “ಈ ಗ್ವಾಡಿ ಮ್ಯಾಲಿನ ಫೋಟೋದಾಗ ನಿಮ್ಮಪ್ಪ ಜಗಳಕ್ಕ ನಿಂತಂಗ ಕಾಣಸ್ತಾರ. ಆ ನಗೂದು ದೊಡ್ಡದು ಮಾಡ್ಸಿ ಹಾಕೊ.”

ಅಪ್ಪ ಕ್ಯಾಮೆರಾದ ಮುಂದೆ ನಕ್ಕದ್ದು ಜೀವಮಾನದಲ್ಲಿ ಒಂದೇ ಸಲ. ನನ್ನ ಮಗಳು ಅವನ ರುಮಾಲು ಕಿತ್ತು, ತನ್ನ ಕುಲಾವಿಯನ್ನು ಅವನ ತಲೆಗೆ ಏರಿಸಿದ್ದಳು.

ಆ ಫೋಟೊ ಇದ್ದದ್ದು ಪೆನ್‌ಡ್ರೈವಿನಲ್ಲಿ ಮಾತ್ರ. ಗಡಿಗೆಯ ಕಡೆ ಓಡಿದೆ. ಎರಡಿದ್ದಲ್ಲಿ ಒಂದೇ ಇತ್ತು. ಅದನ್ನು ಬಗ್ಗಿಸಿ ನೋಡಿದರೆ ಬೀಜ, ಬೂದಿ ಅಷ್ಟೇ. ಹೆಂಡತಿ ಮಹಾದೇವಿ ಶಾಂತವಾಗಿ ಹೇಳಿದಳು: “ಸನಮಡಿಯಿಂದ ನನ್ನ ತಮ್ಮ ಸಿದ್ರಾಮ ಬಂದಿದ್ದ. ಅವನ ಬೀಜಕ್ಕ ಹುಳ ಹತ್ತೈತಂತ. ನಮಗ ಇನ್ನೊಂದು ಗಡಗಿ ಐತೆಲ್ಲಾ ಅಂತ ಒಂದು ಕೊಟ್ಟು ಕಳಿಸಿದ್ನಿ. ಇವತ್ತ ಬಿತ್ತಗಿ ನಡದೈತ್ರಿ ಅವಂದು. ಯಾಕ್ರಿ, ಹಿಂಗ್ಯಾಕ ಬೆವತೀರಿ?”

ಸಿದ್ರಾಮ ಫೋನು ಎತ್ತಲಿಲ್ಲ. ಅವ್ವನ ಮುಖ ನೋಡಲಾಗದೆ ಅಂಗಳಕ್ಕೆ ಹೋಗಿ ಕೂತೆ. ಅಪ್ಪನ ನಗುವನ್ನು ಎರೆಮಣ್ಣಿಗೆ ಹಾಕಿ ಹೂತವನು ನಾನೇ ಎನಿಸಿ ಕಣ್ಣು ತುಂಬಿದವು.

ಸಂಜೆ ಅವನೇ ಫೋನು ಮಾಡಿದ. “ಮಾಮಾ, ಒಂದು ಸಾಲಿಗೆ ಬೀಜಾನ ಬೀಳವಲ್ದಾಗಿತ್ರಿ. ಟ್ರ್ಯಾಕ್ಟರ್ ನಿಂದ್ರಿಸಿ ಕೂರಿಗಿ ಪೆಟಿಗಿ ನೋಡಿದ್ರ, ತೂತಿಗೆ ಒಂದು ಪೆನ್‌ಡ್ರೈವ್ ಅಡ್ಡ ಕುಂತಿತ್ತು! ಯಾರದು ಅಂತ ಟಿವಿಗೆ ಹಚ್ಚಿ ನೋಡಿದ್ವಿ. ನಿಮ್ಮಪ್ಪಾರು ಏನು ಚಂದ ನಕ್ಕಾರ್ರಿ! ಮತ್ತ ಕಳಕೊಂಡೀರಿ ಅಂತ ಬಳಗದ ಗ್ರೂಪಿಗೆ ಎಲ್ಲಾ ಫೋಟೋ ಹಾಕೇನಿ.”

“ಎಲ್ಲಾನೂ?”

“ಒಂದೂ ಬಿಟ್ಟಿಲ್ರಿ.”

ಈಗ ಅಪ್ಪ ಗೋಡೆಯ ಮೇಲೆ ಕುಲಾವಿ ಹಾಕಿಕೊಂಡು ನಗುತ್ತಾನೆ. ಅವ್ವ ದೀಪ ಹಚ್ಚುವಾಗ ಅವನನ್ನು ನೋಡಿ ತಾನೂ ನಗುತ್ತಾಳೆ. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಆ ಪೆನ್‌ಡ್ರೈವಿನಲ್ಲಿ, ತಲೆಗೆ ಕಪ್ಪು ಬಣ್ಣ ಬಳಿದುಕೊಂಡು, ಹೆಗಲಿಗೆ ಹರಕು ಟವೆಲ್ ಹೊದ್ದು, ಹಿಂದಲೆಗೆ ಬಣ್ಣ ಹತ್ತಿದೆಯೋ ಇಲ್ಲವೋ ಎಂದು ನಾನೇ ತೆಗೆದುಕೊಂಡ ಫೋಟೊ ಒಂದಿತ್ತು. ನಮ್ಮ ವಂಶದಲ್ಲಿ ಕೂದಲು ಬೆಳ್ಳಗಾಗುವುದೇ ಇಲ್ಲ ಎಂದು ವರ್ಷಗಟ್ಟಲೆ ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ಆ ಫೋಟೊ ಈಗ ಸನಮಡಿಯಿಂದ ಡಫಳಾಪುರದವರೆಗೆ ಬೀಗರೆಲ್ಲರ ಮೊಬೈಲಿನಲ್ಲಿ ಭದ್ರವಾಗಿದೆ. ನನ್ನ ಜೀವನದಲ್ಲಿ ಇಷ್ಟು ಜೋಪಾನವಾಗಿ ಉಳಿದ ವಸ್ತು ಇನ್ನೊಂದಿಲ್ಲ.