ನೀಲಿಯ ಮೇಲೆ ಹಳದಿ

ಚಿನ್ನದ ಗಣಿಯ ಊರಾದ ಊರಿಗಾಂನ ಆ ಲೈನ್ ಮನೆಗೆ ಕಂಪ್ಯೂಟರ್ ಬಂದ ದಿನವೇ ಅನಸೂಯಳ ತಲೆಯಲ್ಲಿ ಅಂಗಡಿಯೊಂದು ಉದ್ಘಾಟನೆಯಾಗಿಹೋಗಿತ್ತು: ಮುಂದಿನ ಕೋಣೆ, ಒಂದು ಮೇಜು, ಅರ್ಜಿ ಟೈಪು ಮಾಡಿಸಲು ಬಂದ ಜನ. ಅಡ್ಡಿ ಒಂದೇ. ಆ ಕೋಣೆಯಲ್ಲಿ ಮಂಚ ಹಾಕಿಕೊಂಡಿದ್ದವರು ಅತ್ತೆ ಮುತ್ಯಾಲಮ್ಮ.

"ಅದ್ರಾಗೆ ಬರ್‍ಯೋದು ನನ್ ಕಣ್ಣಿಗೂ ಕಾಣ್ಬೇಕು. ಕಾಣಿಲ್ಲಾಂದ್ರೆ ಸಂಜೆ ಬಂಗಾರಪೇಟೆ ರೈಲಿಗೇ ಈ ಡಬ್ಬ ವಾಪಸ್!" ಎಂದು ರಾಜಾಜ್ಞೆಯಾಯಿತು.

ಗಂಡ ಸೀನಪ್ಪ ಬೆಂಗಳೂರಿನಿಂದ ಹೊತ್ತು ತಂದದ್ದು ಹಳೆಯ ಮಾಲು. ಕನ್ನಡವೇನೋ ಮೂಡುತ್ತಿತ್ತು, ಆದರೆ ಕಪ್ಪು ಪರದೆಯ ಮೇಲೆ ಕಡುನೀಲಿ ಅಕ್ಷರ! (ದೀಪ ಆರಿದ ಗಣಿಯಲ್ಲಿ ಕಾಗೆ ಹುಡುಕಿದ ಹಾಗೆ.)

ಮದುವೆಗೆ ಮುಂಚೆ ಬಂಗಾರಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದ ಅನಸೂಯ, ಅಳುವ ಮಗುವನ್ನು ತೊಡೆಗೆ ಹಾಕಿಕೊಂಡು ಬಣ್ಣದ ಪಟ್ಟಿ ತೆರೆದಳು. ಅತ್ತೆಯ ಹೆಸರನ್ನೇ ಟೈಪು ಮಾಡಿ, ಹಸಿರಿನ ಮೇಲೆ ಕೆಂಪು ಇಟ್ಟಳು.

"ಕಣ್ಣುರೀತದೆ."

ಹಳದಿಯ ಮೇಲೆ ಬಿಳಿ.

"ಮಜ್ಜಿಗೆ ಚೆಲ್ಲಿದಂಗೈತೆ."

"ಕೆಂಪಿನ ಮೇಲೆ ಗುಲಾಬಿ ಹಾಕು, ಲಕ್ಷಣವಾಗಿರ್ತದೆ" ಎಂದ ಸೀನಪ್ಪ.

"ನೀವು ಸುಮ್ನಿರ್ರೀ. ನಿಮ್ಮ ಲಕ್ಷಣ ನನ್ ಮದ್ವೆ ಸೀರೇಲೇ ನೋಡಿದೀನಿ!"

ರೈಲಿನ ಹೊತ್ತು ಹತ್ತಿರವಾಗುತ್ತಿತ್ತು. ಸೋತು ಕಿಟಕಿಯಾಚೆ ನೋಡಿದಳು. ಹಗ್ಗದ ಮೇಲೆ ಅತ್ತೆಯ ಸೀರೆ ಒಣಗುತ್ತಿತ್ತು: ಕಡುನೀಲಿ ಮೈ, ಹಳದಿ ಅಂಚು. ಬೀದಿಯ ಕೊನೆಯ ನಲ್ಲಿಯಿಂದಲೂ ಆ ಅಂಚು ಎದ್ದು ಕಾಣುತ್ತಿತ್ತಲ್ಲ!

ಪರದೆಗೆ ನೀಲಿ ಹಾಕಿದಳು, ಅಕ್ಷರಕ್ಕೆ ಹಳದಿ. ಮುಸ್ಸಂಜೆಯಲ್ಲಿ ಕಾರ್ಮಿಕರ ಲೈನ್ ಮನೆಗಳ ದೀಪಗಳು ಒಂದೊಂದಾಗಿ ಹತ್ತಿದಂತೆ ಅಕ್ಷರಗಳು ಹೊತ್ತಿಕೊಂಡವು. ಮಗು ಅಳು ಮರೆತು ಬಾಯಿ ತೆರೆಯಿತು.

"ಮು... ತ್ಯಾ... ಲ... ಮ್ಮ." ಮಂಚದ ಮೇಲಿಂದಲೇ ದನಿ ಬಂತು. "ಅಯ್ಯೋ ಶಿವನೇ, ನನ್ ಎಸ್ರು!"

ನಾಲ್ಕನೇ ಕ್ಲಾಸಿನವರೆಗೆ ಓದಿದ ಮುದುಕಿ, ಕಣ್ಣು ಮಂಜಾದಂದಿನಿಂದ ಒಂದಕ್ಷರ ಓದಿರಲಿಲ್ಲ. ಎದ್ದು ಬಂದು ಗಾಜು ಮುಟ್ಟಿ, ಬಣ್ಣ ಅಂಟಿತೇನೋ ಎಂದು ಬೆರಳು ನೋಡಿಕೊಂಡರು. ಸೀನಪ್ಪ ಕೈ ಮುಗಿದೇಬಿಟ್ಟ. (ತಾಯಿಗೋ ಹೆಂಡತಿಗೋ ಡಬ್ಬಕ್ಕೋ, ಅವನಿಗೇ ಗೊತ್ತಿಲ್ಲ.)

"ಕೋಣೆ ನಿಂದೇ ಕಣಮ್ಮಿ. ಮಂಚ ಮಾತ್ರ ಇಲ್ಲೇ ಇರ್ಲಿ."

ಮರುದಿನ ಮೊದಲ ಗಿರಾಕಿಯಾಗಿ ಪಕ್ಕದ ಲೈನಿನ ಪೆರುಮಾಳ್ ಬಂದ. ಅವನಿಗೆ ರಜೆ ಬೇಕಿತ್ತು. ಅನಸೂಯ ಅರ್ಜಿ ಟೈಪು ಮಾಡಿದಳು. ಅದು ಅಚ್ಚಾಗುವ ಮೊದಲೇ ಮಂಚದಿಂದ ಪಾರಾಯಣ ಶುರುವಾಯಿತು.

"ನನ್ನ ಅತ್ತೆಯವರು... ಆಸಿಗೆ ಇಡಿದು... ಸಾವು ಬದುಕಿನ... ಲೇ ಪೆರುಮಾಳು! ನಿಮ್ಮತ್ತೆ ಈಗ್ತಾನೆ ನಲ್ಲಿ ಅತ್ರ ನನ್ ಕೊಡ ಕಿತ್ತು ಬಿಸಾಕಿದ್ಲಲ್ಲೋ!"

"ಐಯೋ ಅಮ್ಮಾ, ಮೆಲ್ಲ ಮೆಲ್ಲ!" ಎಂದ ಪೆರುಮಾಳ್, ಬಾಗಿಲಾಚೆ ಇಣುಕುತ್ತಿದ್ದವರನ್ನು ಕಂಡು, ಅರ್ಜಿ ಅಲ್ಲೇ ಬಿಟ್ಟು ಓಡಿದ.

ಸುದ್ದಿ ಲೈನಿನಿಂದ ಲೈನಿಗೆ ಹಾರಿತು. ಆಮೇಲೆ ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಬಣ್ಣ ಕೊಂಚ ಮಂಕು ಮಾಡೋಣವೆಂದು ಅನಸೂಯ ಮೆಲ್ಲನೆ ಕೈ ಚಾಚಿದಳು.

"ಮುಟ್ಟಿದ್ರೆ ನೋಡು!" ಎಂದರು ಮುತ್ಯಾಲಮ್ಮ, ದಿಂಬನ್ನು ಬೆನ್ನಿಗೆ ಸರಿಮಾಡಿಕೊಳ್ಳುತ್ತಾ. "ಸುಮ್ನೆ ಯಾಕೆ ಕೂತಿದ್ದೀಯ? ಇನ್ಯಾರ್ದಾದ್ರೂ ಅರ್ಜಿ ಇದ್ರೆ ಆಕು, ಓದಾನ."